ನೆಲದಲ್ಲೇ 20 ವರ್ಷ: ಓದುಗರ ಪ್ರಶ್ನೆಗೆ ಉಡುಪಿಯ ಮಾಜಿ ಏರ್‌ಮನ್ ಉತ್ತರ

ಪ್ರಶ್ನೆ: ನೀವು ಏರ್‌ಫೋರ್ಸಿನಲ್ಲಿ ಇದ್ದವರು, ಆದರೆ ಪೈಲಟ್ ಅಲ್ಲವಂತೆ. ಹಾಗಾದರೆ ಅಲ್ಲಿ ನಿಮಗೆ ಏನು ಕೆಲಸ?
– ಓದುಗರೊಬ್ಬರು, ಕಾರ್ಕಳ

ಉತ್ತರ: ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ರಥಬೀದಿಯಲ್ಲಿ ಯಾರಾದರೂ ಕೇಳುತ್ತಿದ್ದರು, "ಎಷ್ಟು ಎತ್ತರ ಹಾರಿದ್ದೀರಿ ಮಾರಾಯ್ರೆ?" ಏಣಿಯಷ್ಟು ಎತ್ತರ ಅನ್ನುತ್ತಿದ್ದೆ. ಸುಳ್ಳಲ್ಲ. ಕಾಕ್‌ಪಿಟ್ಟಿಗೆ ಒಂದು ಏಣಿ ಇರುತ್ತದೆ. ಅದನ್ನು ಹತ್ತಿ ಪೈಲಟ್‌ಗೆ ಬೆಲ್ಟ್ ಬಿಗಿಯಬೇಕು, ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಷನ್ ಸೀಟಿನ ಸುರಕ್ಷತಾ ಪಿನ್ ತೆಗೆದು ತೋರಿಸಬೇಕು, ಇಳಿಯಬೇಕು. ನಾನು ಹತ್ತಿದ್ದು ಅಷ್ಟೇ.

ಸೇರಿದ್ದು 1985ರಲ್ಲಿ. ಬೆಳಗಾವಿಯ ಸಾಂಬ್ರಾದಲ್ಲಿ ಡ್ರಿಲ್, ಆಮೇಲೆ ತಾಂಬರಂನಲ್ಲಿ ಟ್ರೇಡ್ ತರಬೇತಿ. ನಾನು ಏರ್‌ಫ್ರೇಮ್ ಫಿಟ್ಟರ್. ಅಂದರೆ ವಿಮಾನದ ಮೈ, ರೆಕ್ಕೆ, ಚಕ್ರ, ಬ್ರೇಕ್. ಇಂಜಿನ್‌ಗೆ ಬೇರೆಯವರು, ಕರೆಂಟಿನ ಕೆಲಸಕ್ಕೆ ಬೇರೆಯವರು, ಬಾಂಬು ಗುಂಡಿಗೆ ಬೇರೆಯವರು. ಎಲ್ಲರೂ ತಮ್ಮ ತಮ್ಮ ಕೆಲಸ ಮುಗಿಸಿ ಫಾರ್ಮ್ 700 ಎಂಬ ಪುಸ್ತಕಕ್ಕೆ ಸಹಿ ಹಾಕಬೇಕು. ಪೈಲಟ್ ಸಹಿ ಕೊನೆಗೆ. ನಮ್ಮ ಸಹಿ ಬೀಳದೆ ವಿಂಗ್ ಕಮಾಂಡರ್ ಆದರೂ ವಿಮಾನ ಮುಟ್ಟುವ ಹಾಗಿಲ್ಲ. ಇಪ್ಪತ್ತೈದರ ಹುಡುಗನಿಗೆ ಅದಕ್ಕಿಂತ ದೊಡ್ಡ ಗತ್ತು ಬೇಕಾ?

ಜಾಸ್ತಿ ವರ್ಷ ಇದ್ದದ್ದು ಜೋಧಪುರದಲ್ಲಿ, ಮಿಗ್-21 ಬಿಸ್ ಎಂಬ ಯುದ್ಧವಿಮಾನದ ಜೊತೆ. ಮೇ ತಿಂಗಳಲ್ಲಿ ಬಿಸಿಲಿಗೆ ಬಿದ್ದ ಸ್ಪ್ಯಾನರ್ ಬರಿಗೈಯಲ್ಲಿ ಹಿಡಿಯಲಿಕ್ಕಾಗದು. ನಮ್ಮ ಕಡೆಯವರಿಗೆ ಬೆವರು ಹೊಸತಲ್ಲ, ಅಲ್ವಾ? ಅಲ್ಲಿ ಬೆವರು ಕಾಣುವುದೇ ಇಲ್ಲ. ಬಂದ ಕೂಡಲೇ ಆರಿ ಡಾಂಗರಿಯ (ಕೆಲಸದ ಉಡುಪಿನ) ಬೆನ್ನಲ್ಲಿ ಬಿಳಿ ಉಪ್ಪು ಉಳಿಯುತ್ತದೆ. ಹಾಗಾಗಿ ಕತ್ತಲಿರುವಾಗಲೇ ಕೆಲಸ ಶುರು. ಮೊದಲು ರನ್‌ವೇ ಮೇಲೆ ಸಾಲಾಗಿ ನಡೆದು ಕಲ್ಲು, ನಟ್ಟು, ತಂತಿ ಚೂರು ಹೆಕ್ಕಬೇಕು. ಇಂಜಿನ್ ಅದನ್ನು ಎಳೆದುಕೊಂಡರೆ ಬ್ಲೇಡ್ ಹೋಯಿತು.

ಮಿಗ್-21 ಇಳಿಯುವುದು ಗಂಟೆಗೆ 300 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ. ಚಕ್ರದ ಬ್ರೇಕ್ ಒಂದೇ ಸಾಲದು. ಬಾಲದಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ಹಿಂದಕ್ಕೆ ಎಳೆಯುತ್ತದೆ. ವೇಗ ಇಳಿದ ಮೇಲೆ ಪೈಲಟ್ ಅದನ್ನು ಕಳಚಿ ಬಿಟ್ಟು ಹೋಗುತ್ತಾರೆ. ನಮ್ಮ ಗಾಡಿ ಓಡಿ ಹೋಗಿ ಎತ್ತಿ ತರಬೇಕು, ಹಿಂದೆ ಇನ್ನೊಂದು ವಿಮಾನ ಇಳಿಯಲು ಬರುತ್ತಿರುತ್ತದೆ. ಅದನ್ನು ಮತ್ತೆ ಮಡಚುವುದನ್ನು ನಾನು ಬೇಗ ಕಲಿತೆ. ಮಲ್ಪೆಯಲ್ಲಿ ಬಲೆ ಮಡಚಿಡುವುದನ್ನು ನೋಡಿ ಬೆಳೆದವನು. ಹಗ್ಗ ಸಿಕ್ಕಾದರೆ ಬಿಡುವಾಗ ಗೊತ್ತಾಗುತ್ತದೆ, ಆಗ ಏನೂ ಮಾಡಲಿಕ್ಕಾಗದು.

ಇನ್ನು ಟೂಲಿನ ಲೆಕ್ಕ. ಪೆಟ್ಟಿಗೆಯಿಂದ ಹೋದದ್ದೆಲ್ಲ ಪೆಟ್ಟಿಗೆಗೆ ಬರಬೇಕು. ಒಮ್ಮೆ ಸಂಜೆ ಒಂದು ಸಣ್ಣ ಸ್ಕ್ರೂಡ್ರೈವರ್ ಬಿಟ್ ಕಮ್ಮಿ ಬಂತು. ಅವತ್ತು ಮುಟ್ಟಿದ ವಿಮಾನಗಳೆಲ್ಲ ನಿಂತವು. ಟಾರ್ಚ್ ಹಿಡಿದು ಒಂದೊಂದೇ ಪ್ಯಾನೆಲ್ ಬಿಚ್ಚಿದೆವು. ಮೆಸ್ಸಿನಲ್ಲಿ ರೊಟ್ಟಿ ತಣ್ಣಗಾಯಿತು. ರಾತ್ರಿ ಅದು ಸಿಕ್ಕಿದ್ದು ನಮ್ಮದೇ ಹುಡುಗನೊಬ್ಬನ ಪ್ಯಾಂಟಿನ ಕಾಲಿನ ಮಡಿಕೆಯಲ್ಲಿ. ಸಾರ್ಜೆಂಟ್ ಸಾಹೇಬರು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರ ಪ್ಯಾಂಟಿನ ಮಡಿಕೆ ಹೊಲಿಸಿದರು, ಅಷ್ಟೇ.

ಪ್ರಶ್ನೆ: ಮಿಗ್-21 ನಿವೃತ್ತಿಯಾದಾಗ ನಿಮಗೆ ಬೇಸರವಾಯಿತಾ? ಅದನ್ನು 'ಹಾರುವ ಶವಪೆಟ್ಟಿಗೆ' ಅನ್ನುತ್ತಾರಲ್ಲ?
– ವಿದ್ಯಾರ್ಥಿ, ಸುರತ್ಕಲ್

ಉತ್ತರ: 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟರು. ಟಿವಿಯಲ್ಲಿ ನೋಡಿದೆ. ರಕ್ಷಣಾ ಸಚಿವರ ಕೈಗೆ ಫಾರ್ಮ್ 700 ಕೊಟ್ಟಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ಅದೆಂಥ ಪುಸ್ತಕ?" ಅಂತ ಹೆಂಡತಿ ಕೇಳಿದಳು. ಇಷ್ಟು ವರ್ಷ ಹೇಳಿದ್ದು ಅವಳ ಕಿವಿಗೆ ಬಿದ್ದೇ ಇಲ್ಲ!

ಆ ಅಡ್ಡಹೆಸರು ನನಗೆ ಆಗುವುದಿಲ್ಲ. ಆದರೆ ವಾದ ಮಾಡಲಿಕ್ಕೂ ಹೋಗುವುದಿಲ್ಲ. ಬೆಳಿಗ್ಗೆ ಬೆಲ್ಟ್ ಬಿಗಿದು ಕಳಿಸಿದವರು ತಿರುಗಿ ಬಾರದ ದಿನವನ್ನು ಕಂಡಿದ್ದೇನೆ. ಅವತ್ತು ಮೊದಲು ಆಗುವ ಕೆಲಸ ಆ ವಿಮಾನದ ಕಾಗದಪತ್ರಗಳಿಗೆಲ್ಲ ಬೀಗ ಹಾಕುವುದು. ತನಿಖೆ ಮುಗಿಯುವವರೆಗೆ ಸಹಿ ಹಾಕಿದ ಯಾರಿಗೂ ಸರಿಯಾಗಿ ಊಟ ಸೇರುವುದಿಲ್ಲ. 1963ರಲ್ಲಿ ಬಂದ ವಿಮಾನ ಇದು. ಇದರ ಜಾಗಕ್ಕೆ ಬರಬೇಕಿದ್ದ ನಮ್ಮ ದೇಶದ್ದೇ ವಿಮಾನ ತೇಜಸ್ ತಡವಾಯಿತು, ಇದರ ಆಯಸ್ಸು ಎಳೆದರು. ನನ್ನ ಕೇಳಿದರೆ ಹತ್ತು ವರ್ಷ ಮೊದಲೇ ಮನೆಗೆ ಕಳಿಸಬೇಕಿತ್ತು.

ಪ್ರಶ್ನೆ: ಮಗ ಪಿಯುಸಿ ಮುಗಿಸಿದ್ದಾನೆ. ಅಗ್ನಿವೀರ್ ವಾಯು ಆಗಿ ಏರ್‌ಫೋರ್ಸ್ ಸೇರುತ್ತೇನೆ ಅನ್ನುತ್ತಾನೆ. ಕಳಿಸಲಾ?
– ತಾಯಿ, ಮೂಡುಬಿದಿರೆ

ಉತ್ತರ: ಅಕ್ಕಾ, ನನ್ನ ಕಾಲಕ್ಕೂ ಇದಕ್ಕೂ ವ್ಯತ್ಯಾಸ ಇದೆ. ನಮಗೆ 20 ವರ್ಷದ ನೌಕರಿ, ಆಮೇಲೆ ಪಿಂಚಣಿ. 2022ರಲ್ಲಿ ಬಂದ, ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯಲ್ಲಿ 4 ವರ್ಷ ಮಾತ್ರ. ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಉಳಿಸಿಕೊಳ್ಳುತ್ತಾರೆ. ಹೊರಬರುವವರಿಗೆ ಪಿಂಚಣಿ ಇಲ್ಲ, ಸೇವಾನಿಧಿ ಅಂತ 10 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಅದರಲ್ಲಿ ಅರ್ಧ ಅವನದೇ ಸಂಬಳದಿಂದ ಕಡಿದದ್ದು. ಒಬ್ಬನೇ ಸಹಿ ಹಾಕುವಷ್ಟು ನಂಬಿಕೆ ಗಳಿಸಲಿಕ್ಕೇ ನನಗೆ ಅದಕ್ಕಿಂತ ಹೆಚ್ಚು ವರ್ಷ ಬೇಕಾಯಿತು. ಹಾಗಾಗಿ 4 ವರ್ಷ ನನಗೆ ಕಮ್ಮಿ ಅನಿಸುತ್ತದೆ.

ಆದರೂ ಹುಡುಗನಿಗೆ ಮನಸ್ಸಿದ್ದರೆ ತಡೆಯಬೇಡಿ. ವಾಪಸು ಬಂದರೆ ಮುಂದೆ ಏನು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. 1.6 ಕಿ.ಮೀ. ಓಟದ ಪರೀಕ್ಷೆ ಇದೆ, ಮಳೆಗಾಲ ಅಂತ ಮನೆಯೊಳಗೆ ಕೂರಬಾರದು. ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರ. ಸೀಟು ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.