ಅನಂತಮೂರ್ತಿಯವರಿಗೆ ಜ್ಞಾನಪೀಠ ಬಂದದ್ದು 'ಸಂಸ್ಕಾರ'ಕ್ಕೇ?

ಅಲ್ಲ. 1994ರಲ್ಲಿ ಅವರಿಗೆ ಬಂದದ್ದು ಒಟ್ಟು ಸಾಹಿತ್ಯ ಸಾಧನೆಗೆ. 'ಸಂಸ್ಕಾರ' 1965ರಲ್ಲೇ ಅಚ್ಚಾಗಿತ್ತು. ತುಂಬ ಹೆಸರಾದ ಕೃತಿ ಎಂಬ ಕಾರಣಕ್ಕೆ ಜನ ಪ್ರಶಸ್ತಿಯನ್ನೂ ಅದಕ್ಕೇ ಗಂಟು ಹಾಕಿಬಿಡುತ್ತಾರೆ.

ಗೊಂದಲಕ್ಕೆ ಮೂಲ, ನಡುವೆ ಬದಲಾದ ನಿಯಮ. ಮೊದಮೊದಲು ಜ್ಞಾನಪೀಠವನ್ನು ಒಂದು ನಿರ್ದಿಷ್ಟ ಕೃತಿಗೆ ಕೊಡುತ್ತಿದ್ದರು. ಕುವೆಂಪು ಅವರಿಗೆ 'ಶ್ರೀ ರಾಮಾಯಣ ದರ್ಶನಂ' (1967, ಗುಜರಾತಿಯ ಉಮಾಶಂಕರ ಜೋಶಿಯವರ ಜೊತೆ ಹಂಚಿಕೆ), ಬೇಂದ್ರೆಯವರಿಗೆ 'ನಾಕುತಂತಿ' (1973, ಒಡಿಯಾದ ಗೋಪಿನಾಥ ಮೊಹಾಂತಿಯವರ ಜೊತೆ), ಕಾರಂತರಿಗೆ 'ಮೂಕಜ್ಜಿಯ ಕನಸುಗಳು' (1977). 1982ರಿಂದ ಒಟ್ಟು ಸಾಧನೆಯನ್ನು ಪರಿಗಣಿಸಲು ಶುರುಮಾಡಿದರು. ಹಾಗಿದ್ದೂ 1983ರ ಮಾಸ್ತಿಯವರ ಹೆಸರಿನ ಮುಂದೆ 'ಚಿಕವೀರ ರಾಜೇಂದ್ರ' ಎಂದು ಬರೆಯುವ ರೂಢಿ ಉಳಿದುಕೊಂಡಿದೆ. ಕಾರ್ನಾಡ್ (1998), ಕಂಬಾರ (2010) ಅವರ ಮುಂದೆ ಯಾವುದಾದರೂ ನಾಟಕದ ಹೆಸರು ಹಾಕಿದ್ದರೆ ಆ ಪಟ್ಟಿಯನ್ನು ನಂಬಬೇಡಿ.

ಕೇಂದ್ರ ಸಾಹಿತ್ಯ ಅಕಾಡೆಮಿಯದು ಬೇರೆ ಲೆಕ್ಕ, ಅದು ಇವತ್ತಿಗೂ ಪುಸ್ತಕಕ್ಕೇ. ಕುವೆಂಪು ಅವರ ಮಹಾಕಾವ್ಯಕ್ಕೆ ಎರಡೂ ಸಿಕ್ಕವು, ಅಕಾಡೆಮಿಯದು 1955ರಲ್ಲೇ. ಬೇಂದ್ರೆಯವರಿಗೆ ಅಲ್ಲಿ ಗೌರವ ತಂದದ್ದು 'ಅರಳು ಮರಳು' (1958). ಪರೀಕ್ಷೆಗೆ ಓದುವವರು ಹೆಚ್ಚು ಎಡವುವುದು ಕಾರಂತರ ವಿಷಯದಲ್ಲಿ: ಅಕಾಡೆಮಿ ಪ್ರಶಸ್ತಿ (1959) ಪಡೆದದ್ದು ಅವರ ಯಾವ ಕಾದಂಬರಿಯೂ ಅಲ್ಲ, 'ಯಕ್ಷಗಾನ ಬಯಲಾಟ' ಎಂಬ ಅಧ್ಯಯನ ಗ್ರಂಥ.