ರಸ್ತೆ ಬದಿಯಲ್ಲಿ ಬಿದ್ದವರನ್ನು ಕಂಡರೆ: ಮೊಳಕಾಲ್ಮುರು ಗಡಿಯಿಂದ ಒಂದು ಉತ್ತರ

ರಾತ್ರಿ ಹೊತ್ತು ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವಾಗ ರಸ್ತೆಯ ಅಂಚಿನಲ್ಲಿ ಯಾರೋ ಬಿದ್ದಿರುವುದು ಕಂಡರೆ ಅದು ಅಪಘಾತವೋ, ಕುಡಿದ ಅಮಲೋ, ಸುಲಿಗೆಯ ಸಂಚೋ ತಿಳಿಯುವುದಿಲ್ಲ, ಅಂಥಲ್ಲಿ ನಿಲ್ಲಬೇಕೇ, ನಿಂತರೆ ಪೊಲೀಸರ ಕಾಟ ಬಂದೀತೇ ಎಂದು ಕೇಳಿದ್ದೀರಿ. ನಿಲ್ಲಬೇಕು ಎಂಬುದೇ ನನ್ನ ಉತ್ತರ. ಒಬ್ಬರೇ ಇದ್ದು ಇಳಿಯಲು ಧೈರ್ಯ ಸಾಲದಿದ್ದರೆ ಸ್ವಲ್ಪ ಮುಂದೆ, ಬೆಳಕಿರುವ ಕಡೆ ಗಾಡಿ ನಿಲ್ಲಿಸಿ, ಬಾಗಿಲು ತೆರೆಯದೆಯೇ 112ಕ್ಕೆ ಕರೆ ಮಾಡಿ, ಅದೂ ನೆರವೇ. ಹಿಂದೆ ಬರುವವರು ನೋಡಿಕೊಳ್ಳುತ್ತಾರೆ ಎಂದು ಸಾಗಿಬಿಡುವುದನ್ನು ಮಾತ್ರ ನಾನು ಒಪ್ಪಲಾರೆ, ಏಕೆಂದರೆ ಹಿಂದೆ ಬರುವವರೂ ಹಾಗೆಯೇ ಎಣಿಸುತ್ತಾರೆ.

ಇಲ್ಲಿ ರಸ್ತೆ ಪಕ್ಕ ಮಲಗಿದವರೆಲ್ಲ ಆಪತ್ತಿನಲ್ಲಿರುವುದಿಲ್ಲ ಎಂಬುದು ನಿಜ. ಕುರಿಗಾಹಿಗಳು ಕಂಬಳಿ ಹೊದ್ದು ಮಂದೆಯ ಬಳಿಯಲ್ಲೇ ರಾತ್ರಿ ಕಳೆಯುತ್ತಾರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ನಡೆದು ಹೋಗುವವರು ದಣಿದು ಮರದಡಿ ಒರಗುತ್ತಾರೆ. ಆದರೆ ಬೈಕ್ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ ಬಿದ್ದಿದ್ದರೆ, ಅಥವಾ ಬೇಸಿಗೆಯ ನಡುಹಗಲಿನಲ್ಲಿ ನೆರಳಿಲ್ಲದೆಡೆ ಯಾರಾದರೂ ಅಂಗಾತ ಬಿದ್ದಿದ್ದರೆ ಅನುಮಾನಕ್ಕೆ ಎಡೆಯಿಲ್ಲ. "ಅಣ್ಣಾ, ಏನಾಯ್ತು?" ಎಂದು ಗಟ್ಟಿಯಾಗಿ ಕೂಗಿ ನೋಡಿ. ಉತ್ತರ ತೆಲುಗಿನಲ್ಲಿ ಬಂದರೆ ಗಾಬರಿಯಾಗಬೇಡಿ. ನಮ್ಮಲ್ಲಿ ಅನೇಕರ ಮನೆಮಾತು ಅದೇ, ಅವರಿಗೆ ಕನ್ನಡವೂ ಬರುತ್ತದೆ. ಹೆಂಡದ ವಾಸನೆ ಬಂತೆಂದು ಬಿಟ್ಟುಹೋಗುವುದು ದೊಡ್ಡ ಅನ್ಯಾಯ, ಕುಡಿದವರ ತಲೆಗೂ ಪೆಟ್ಟು ಬಿದ್ದಿರಬಹುದು.

ಕರೆ ಮಾಡುವಾಗ ಗಡಿಯ ವಿಷಯ ನೆನಪಿರಲಿ. ಮೊಳಕಾಲ್ಮುರು ತಾಲ್ಲೂಕಿನ ರಾಂಪುರ ದಾಟಿದ ಮೇಲೆ ಈ ಹೆದ್ದಾರಿ ಬಳ್ಳಾರಿ ಸೇರುವ ಮುನ್ನ ಡಿ. ಹಿರೇಹಾಳಿನ ಬಳಿ ಆಂಧ್ರದ ನೆಲವನ್ನು ಹಾಯುತ್ತದೆ. ಮೊಬೈಲಿಗೆ ಆಚೆಯ ಟವರ್ ಸಿಕ್ಕಿದರೆ 108ರ ಕರೆ ಆಂಧ್ರದ ಕೇಂದ್ರಕ್ಕೆ ಹೋಗಬಹುದು. ಆದ್ದರಿಂದ ಏನಾಗಿದೆ ಎಂದು ವಿವರಿಸುವ ಮೊದಲೇ ರಾಜ್ಯ, ಜಿಲ್ಲೆ, ತಾಲ್ಲೂಕು, ಹತ್ತಿರದ ಊರು, ಕಿಲೋಮೀಟರ್ ಕಲ್ಲಿನ ಮೇಲಿರುವ ಅಂಕಿ, ಇಷ್ಟನ್ನೂ ಹೇಳಿಬಿಡಿ. ರಾಷ್ಟ್ರೀಯ ಹೆದ್ದಾರಿಯಾದ್ದರಿಂದ ಹೆದ್ದಾರಿ ಸಹಾಯವಾಣಿ 1033ಕ್ಕೂ ಕರೆ ಮಾಡಬಹುದು.

ಪೊಲೀಸರ ಭಯ ನಿಮ್ಮ ಪ್ರಶ್ನೆಯೊಳಗೇ ಇದೆ, ಅದು ಇಲ್ಲಿನ ಹಿರಿಯರಲ್ಲಿಯೂ ಇದೆ. ಅದಕ್ಕೆ ಈಗ ಕಾನೂನಿನ ಆಧಾರವಿಲ್ಲ. ನೆರವಾದವರನ್ನು ಪೀಡಿಸಬಾರದೆಂಬ ಕೇಂದ್ರದ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಕಡ್ಡಾಯಗೊಳಿಸಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು, ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ ಎನ್ನುತ್ತದೆ. ಹೆಸರು, ವಿಳಾಸ ಕೊಡುವಂತೆ ಯಾರೂ ಒತ್ತಾಯಿಸುವಂತಿಲ್ಲ.

ಗಾಡಿಯನ್ನು ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ ನಾಲ್ಕೂ ಇಂಡಿಕೇಟರ್ ಹಾಕಿ. ಇಲ್ಲಿ ಲಾರಿಗಳ ವೇಗ ಹೆಚ್ಚು. ನಮ್ಮ ಜನ ಒಳ್ಳೆಯ ಮನಸ್ಸಿನಿಂದಲೇ ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲು, ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಲು ಮುಂದಾಗುತ್ತಾರೆ. ನೀರು ಶ್ವಾಸನಾಳಕ್ಕೆ ಇಳಿಯಬಹುದು, ಕಬ್ಬಿಣದಿಂದ ಏನೂ ಆಗದು. ಎರಡನ್ನೂ ವಿನಯದಿಂದಲೇ ತಡೆಯಿರಿ. ರಕ್ತ ಸುರಿಯುತ್ತಿದ್ದರೆ ಟವಲ್ಲನ್ನು ಮಡಿಚಿ ಗಾಯದ ಮೇಲೆ ಬಿಡದೆ ಒತ್ತಿ ಹಿಡಿಯಿರಿ. ವಾಂತಿಯಾಗುತ್ತಿದ್ದರೆ ಕುತ್ತಿಗೆ ತಿರುಚದಂತೆ ಇಡೀ ಮೈಯನ್ನು ಒಂದೇ ಸಲಕ್ಕೆ ಪಕ್ಕಕ್ಕೆ ಹೊರಳಿಸಿ. ಉಸಿರಾಟ ಸರಿಯಿದ್ದರೆ ಆಂಬ್ಯುಲೆನ್ಸ್ ಬರುವವರೆಗೆ ಎತ್ತಿ ಕೂರಿಸಬೇಡಿ.

ಹೊಲಗಳಿಂದ ಜನ ಓಡಿಬಂದು ಸುತ್ತುವರಿದಾಗ ಹೊರಗಿನವರು ಹೆದರುತ್ತಾರೆ. ಆ ಗುಂಪಿನಲ್ಲಿ ಗಾಯಾಳುವಿನ ಊರು, ಮನೆತನ ಬಲ್ಲವರು ಒಬ್ಬರಾದರೂ ಇರುತ್ತಾರೆ ಎಂಬುದು ಈ ಸೀಮೆಯ ದೊಡ್ಡ ಆಸರೆ. ಮನೆಗೆ ಸುದ್ದಿ ಮುಟ್ಟಿಸುವುದನ್ನು ಅವರಿಗೆ ಬಿಡಿ. ಎಲ್ಲಿಗೆ ಒಯ್ಯಬೇಕೆಂಬ ಮಾತು ಬಂದಾಗಲೂ ಅವರನ್ನೇ ಕೇಳಿ: ಜಿಲ್ಲಾ ಕೇಂದ್ರ ಚಿತ್ರದುರ್ಗವಾದರೂ ರಾಂಪುರದಿಂದ ಬಳ್ಳಾರಿಯೇ ಬಹಳ ಹತ್ತಿರ, ಜೀವ ಉಳಿಸಲು ಹೊರಟವರು ಇಲ್ಲಿ ಜಿಲ್ಲೆಯ ಗಡಿಯನ್ನಾಗಲಿ ರಾಜ್ಯದ ಗಡಿಯನ್ನಾಗಲಿ ಲೆಕ್ಕಿಸುವುದಿಲ್ಲ.