ಮನೆ ಎದುರು ಲೈವ್ ಬ್ಯಾಂಡ್: ತಕರಾರು ಹೇಗೆ ಬರೆಯಬೇಕು?

ಪ್ರಶ್ನೆ: ನಮ್ಮದು ಬೆಂಗಳೂರಿನ ಹಳೇ ಬಡಾವಣೆ, 30 ಅಡಿ ರಸ್ತೆ. ಎದುರಿಗೆ ಒಂದು ಬಾರ್ ಮೊದಲಿನಿಂದಲೂ ಇದೆ. ಈಗ ಅದರ ಎರಡನೇ ಮಹಡಿಯಲ್ಲಿ ಲೈವ್ ಬ್ಯಾಂಡ್ ಶುರು ಮಾಡುತ್ತಾರಂತೆ, ಹುಡುಗಿಯರು ಕುಣಿಯುತ್ತಾರಂತೆ. ಅರ್ಜಿ ಹಾಕಿದ್ದಾರೆ, ಲೈಸೆನ್ಸ್ ಇನ್ನೂ ಸಿಕ್ಕಿಲ್ಲ. ನಾವು 40 ಮನೆಯವರು ಸಹಿ ಹಾಕಿ ಠಾಣೆಗೆ ಪತ್ರ ಕೊಟ್ಟೆವು. ತಗೊಂಡು ಇಟ್ಟುಕೊಂಡರು, ಅಷ್ಟೇ. ಪತ್ರದ ಪ್ರತಿ ಕಳಿಸಿದ್ದೇನೆ. ಮುಂದೇನು ಮಾಡೋದು?
- ಒಬ್ಬ ನಿವಾಸಿ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದಿದೆ. ಎರಡು ಪುಟದಲ್ಲಿ ಒಂದೂವರೆ ಪುಟ ಆ ಹುಡುಗಿಯರ ನಡತೆ ಬಗ್ಗೆಯೇ ಇದೆ. ಬೇಜಾರು ಮಾಡಿಕೊಳ್ಳಬೇಡಿ, ಅದನ್ನು ಪೂರ್ತಿ ತೆಗೆದು ಹೊಸದಾಗಿ ಬರೆಯಿರಿ. ಅವರು ಹೊಟ್ಟೆಪಾಡಿಗೆ ಬರುವವರು. ನಿಮ್ಮ ನಿದ್ದೆ ಕೆಡಿಸುವುದು ಸ್ಪೀಕರ್, ಅವರಲ್ಲ. ನಡತೆಯ ಮಾತು ಕೋರ್ಟಿನಲ್ಲೂ ನಿಲ್ಲುವುದು ಕಷ್ಟ, ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಮೊದಲು ಪತ್ರ ಯಾರಿಗೆ ಹೋಗಬೇಕು ಅನ್ನೋದು ನೋಡೋಣ. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್, ಡಿಸ್ಕೊ, ಕ್ಯಾಬರೆಗಳಿಗೆ ಅಂತಲೇ 2005ರ ಒಂದು ಆದೇಶ ಇದೆ, ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿ ಬಂದದ್ದು. ಅದರ ಪ್ರಕಾರ ಲೈಸೆನ್ಸ್ ಕೊಡುವವರು ನಗರ ಪೊಲೀಸ್ ಕಮಿಷನರ್. ಬಾರಿನ ಲೈಸೆನ್ಸ್ ಅಬಕಾರಿ ಇಲಾಖೆಯದು, ಟ್ರೇಡ್ ಲೈಸೆನ್ಸ್ ಪಾಲಿಕೆಯದು. ಒಂದು ಇದ್ದರೆ ಇನ್ನೊಂದು ಇದ್ದಂತಲ್ಲ. ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಸಂಘ ಈ ಆದೇಶವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು, 2018ರ ಜನವರಿಯಲ್ಲಿ ಕೋರ್ಟ್ ಆದೇಶವನ್ನೇ ಎತ್ತಿಹಿಡಿಯಿತು. ಆಮೇಲೆ ಪೊಲೀಸರು ಹಾಡು ಹಾಕುವ ಹೋಟೆಲುಗಳಿಗೆಲ್ಲ ಲೈಸೆನ್ಸ್ ಎಲ್ಲಿ ಅಂತ ಕೇಳಲು ಹೊರಟರೆ, ಎಷ್ಟೋ ಕಟ್ಟಡಗಳಿಗೆ ಅದಕ್ಕೆ ಬೇಕಾದ ಓಸಿಯೇ (ಕಟ್ಟಡ ನಕ್ಷೆಯಂತೆ ಕಟ್ಟಿದೆ, ಬಳಸಬಹುದು ಅಂತ ಕೊಡುವ ಪ್ರಮಾಣಪತ್ರ) ಇರಲಿಲ್ಲ! ಹಾಗಾಗಿ ನಿಮ್ಮ ಪತ್ರದ ಮೊದಲ ಸಾಲು ಅದೇ ಇರಲಿ: ಈ ಕಟ್ಟಡಕ್ಕೆ ಓಸಿ ಇದೆಯಾ, ಎರಡನೇ ಮಹಡಿ ನಕ್ಷೆಯಲ್ಲಿ ಏನು ಅಂತ ಮಂಜೂರಾಗಿದೆ?

ಎರಡನೆಯದು ಮೆಟ್ಟಿಲು. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಅದೇ 2018ರ ಜನವರಿ 8ರ ಬೆಳಗಿನ ಜಾವ ಕಲಾಸಿಪಾಳ್ಯದ ಒಂದು ಬಾರಿಗೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐದು ಜನ ಕೆಲಸಗಾರರು ಸತ್ತುಹೋದರು. ನಾನು ಹಿಂದೆ ಬಾಡಿಗೆಗಿದ್ದ ಮನೆ ಪಕ್ಕ ಇಂಥದ್ದೇ ಒಂದು ಜಾಗ ಇತ್ತು. ಒಂದು ದಿನ ಶಬ್ದ ಕಡಿಮೆ ಮಾಡಿ ಅಂತ ಹೇಳಲು ಮೇಲೆ ಹತ್ತಿದೆ. ಇದ್ದದ್ದು ಒಂದೇ ಮೆಟ್ಟಿಲು, ತಿರುವಿನಲ್ಲಿ ಆಳೆತ್ತರಕ್ಕೆ ಖಾಲಿ ಬಿಯರ್ ಕ್ರೇಟು, ಅದರ ಪಕ್ಕ ಎರಡು ಗ್ಯಾಸ್ ಸಿಲಿಂಡರ್, ಎದುರಿನಿಂದ ಒಬ್ಬ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಆ ದಿನದಿಂದ ನನಗೆ ಹಾಡಿಗಿಂತ ಆ ಮೆಟ್ಟಿಲಿನ ಭಯವೇ ಜಾಸ್ತಿಯಾಯಿತು. ನಿಮ್ಮ ಎದುರಿನ ಬಾರಿಗೆ ಎಷ್ಟು ಮೆಟ್ಟಿಲಿದೆ, ಅಗ್ನಿಶಾಮಕ ಇಲಾಖೆಯವರು ಬಂದು ನೋಡಿದ್ದಾರಾ ಅಂತ ಬರವಣಿಗೆಯಲ್ಲಿ ಕೇಳಿ. 30 ಅಡಿ ರಸ್ತೆಯಲ್ಲಿ ಎರಡೂ ಕಡೆ ಕಾರು ನಿಂತಾಗ ಅಗ್ನಿಶಾಮಕ ವಾಹನ ಹೇಗೆ ಬರುತ್ತದೆ ಅಂತ ಒಂದು ಫೋಟೊ ತೆಗೆದು ಲಗತ್ತಿಸಿ.

ಶಬ್ದಕ್ಕೆ 2000ರ ಶಬ್ದಮಾಲಿನ್ಯ ನಿಯಮಗಳಿವೆ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಮಿತಿಗಿಂತ 10 ಡೆಸಿಬಲ್ ಜಾಸ್ತಿಯಾದರೆ ಯಾರು ಬೇಕಾದರೂ ದೂರು ಕೊಡಬಹುದು. ಆ ಹಳೇ ಮನೆಯಲ್ಲಿ ರಾತ್ರಿ 11ಕ್ಕೆ ನಮ್ಮ ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ಲೋಟಗಳು ಬೇಸ್ ಹೊಡೆತಕ್ಕೆ ಕಿಣಿಕಿಣಿ ಅನ್ನುತ್ತಿದ್ದವು, ಆದರೆ ನಾವು ಯಾರೂ ತಾರೀಕು, ಟೈಮ್ ಬರೆದಿಡಲಿಲ್ಲ. ನೀವು ಇವತ್ತಿನಿಂದಲೇ ಬರೆದಿಡಿ.

ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಅನ್ನೋದು ಅಬಕಾರಿ ನಿಯಮ. ಅದನ್ನು ನೆಟ್ಟಗೆ ಗೆರೆ ಎಳೆದು ಅಳೆಯುವುದಿಲ್ಲ, ಜನ ನಡೆದುಹೋಗುವ ದಾರಿಯ ಲೆಕ್ಕ. ಟೇಪು ಹಿಡಿದು ಅಳೆದ ಮೇಲೆಯೇ ಬರೆಯಿರಿ.

ಪತ್ರವನ್ನು ಕಮಿಷನರ್ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲಿಲ್ಲದ ಪತ್ರ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಜೊತೆಗೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಬಾರಿನವರು ಹಾಕಿದ ಅರ್ಜಿಯ ಪ್ರತಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಲೈಸೆನ್ಸ್ ಸಿಕ್ಕಿಬಿಟ್ಟ ಮೇಲೆ ರದ್ದು ಮಾಡಿಸುವುದು ವರ್ಷಗಟ್ಟಲೆ ಓಡಾಟ, ಆದ್ದರಿಂದ ಈಗಲೇ ಹೊರಡಿ.

ಪ್ರಶ್ನೆ: ನಾನು ಒಂದು ಬಾರಿನಲ್ಲಿ ಹಾಡುತ್ತೇನೆ. ಏರಿಯಾದವರು ಗುಂಪಾಗಿ ಬಂದು ಗೇಟಿನ ಹತ್ತಿರ ನಮ್ಮನ್ನೇ ಬೈಯುತ್ತಾರೆ. ನಮ್ಮ ಕೆಲಸ ತಪ್ಪಾ ಮೇಡಂ?
- ಹೆಸರು ಬೇಡ

ಉತ್ತರ: ತಪ್ಪಲ್ಲಮ್ಮ. ಮಹಾರಾಷ್ಟ್ರದಲ್ಲಿ 2005ರಲ್ಲಿ ಡ್ಯಾನ್ಸ್ ಬಾರ್ ನಿಷೇಧಿಸಿದಾಗ ಸಾವಿರಾರು ಹೆಣ್ಣುಮಕ್ಕಳ ಕೆಲಸ ಹೋಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ಸರಿಯಲ್ಲ ಅಂದಿತು. ಸರ್ಕಾರ 2016ರಲ್ಲಿ ಇನ್ನೊಂದು ಕಾಯ್ದೆ ತಂದು, ಶಾಲೆ, ದೇವಸ್ಥಾನದಿಂದ ಒಂದು ಕಿಲೋಮೀಟರ್ ದೂರ ಇರಬೇಕು, ಒಳಗೆ ಸಿಸಿಟಿವಿ ಇರಬೇಕು ಅಂತೆಲ್ಲ ಷರತ್ತು ಹಾಕಿತು. ಮುಂಬೈಯಲ್ಲಿ ಅಷ್ಟು ದೂರ ಎಲ್ಲಿ ಸಿಗುತ್ತದೆ ಹೇಳಿ? 2019ರ ಜನವರಿಯಲ್ಲಿ ಕೋರ್ಟ್ ಅಂಥ ಷರತ್ತುಗಳನ್ನು ತೆಗೆದುಹಾಕಿತು. ಕೈಗೆ ಟಿಪ್ಸ್ ಕೊಡಬಹುದು, ಮೈಮೇಲೆ ನೋಟು ಎರಚುವಂತಿಲ್ಲ ಅಂದಿತು. ಬರಹದ ಕರಾರು ಇರಬೇಕು, ದುಡ್ಡು ಬ್ಯಾಂಕ್ ಖಾತೆಗೇ ಬರಬೇಕು ಅನ್ನುವ ಷರತ್ತನ್ನು ಉಳಿಸಿತು. ಅದು ಅಲ್ಲಿನ ಕಾಯ್ದೆಯ ಮಾತು, ಆದರೂ ನೀವು ಇಲ್ಲಿ ಅದನ್ನೇ ಮಾಲೀಕರ ಹತ್ತಿರ ಕೇಳಿ, ಬಾಯಿಮಾತಿನ ಲೆಕ್ಕ ಬೇಡ.

ಗೇಟಿನಲ್ಲಿ ಯಾರಾದರೂ ಅಡ್ಡಗಟ್ಟಿ ಬೈದರೆ 112ಕ್ಕೆ ಫೋನ್ ಮಾಡಿ, ಹೆದರಬೇಡಿ. ಆ ಜನರಿಗೆ ನಿಜವಾದ ತೊಂದರೆ ಶಬ್ದದ್ದೇ ಆಗಿರಬಹುದು, ಅದನ್ನು ಸರಿಮಾಡಬೇಕಾದವರು ಮಾಲೀಕರು, ನೀವಲ್ಲ. ಮತ್ತೆ ಒಂದು ಮಾತು, ಮೇಲಿನ ಉತ್ತರ ಓದಿದ್ದೀರಲ್ವಾ? ನಾಳೆ ಕೆಲಸಕ್ಕೆ ಹೋದಾಗ ಹಾಡು ಶುರುವಾಗುವ ಮೊದಲು ಹಿಂಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಹಾಕಿದ್ದಾರಾ ಅಂತ ಒಂದು ಸಲ ಹೋಗಿ ನೋಡಿ.